ವಿದೇಶದಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಲು ಮಧುಗಿರಿಯಲ್ಲಿ ಕುಳಿತು ಏನೇನು ಸಿದ್ಧಮಾಡಿಕೊಳ್ಳಬೇಕು?

ಪ್ರಶ್ನೆ: ಮಧುಗಿರಿ ತಾಲ್ಲೂಕಿನ ಅತಿಥಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಮಧುಗಿರಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾಲ್ಕು ವರ್ಷಗಳಿಂದ ಅತಿಥಿ ಶಿಕ್ಷಕಿಯಾಗಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅನಂತರ ತುಮಕೂರು ವಿಶ್ವವಿದ್ಯಾಲಯದಿಂದ ಐಚ್ಛಿಕ ಇಂಗ್ಲಿಷ್ ಇಟ್ಟುಕೊಂಡು ಬಿ.ಎ. ಮುಗಿಸಿ, ಬಿ.ಇಡಿ. ಮಾಡಿದೆ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲೂ ಉತ್ತೀರ್ಣಳಾಗಿದ್ದೇನೆ. ಕಾಯಂ ನೇಮಕಾತಿಗಾಗಿ ಕಾಯುತ್ತಲೇ ಇಪ್ಪತ್ತೆಂಟು ವರ್ಷವಾಯಿತು. ತಂದೆಯವರಿಗೆ ಮೂರು ಎಕರೆ ಕಡಲೆಕಾಯಿ ಹೊಲ, ಸ್ವಲ್ಪ ಅಡಿಕೆ ಇದೆ. ತಮ್ಮ ಇನ್ನೂ ಡಿಪ್ಲೊಮಾ ಓದುತ್ತಿದ್ದಾನೆ.

ಕೆಲವು ವರ್ಷ ಹೊರದೇಶದಲ್ಲಿ ಇಂಗ್ಲಿಷ್ ಕಲಿಸಿ, ಮನೆಯ ಸಾಲ ತೀರಿಸಿ, ಅನುಭವದೊಂದಿಗೆ ಹಿಂದಿರುಗಬೇಕೆಂಬ ಆಸೆ ನನ್ನದು. ಕಲಿಸುವ ಕೆಲಸದ ಮೇಲೆ ನನಗೆ ನಿಜವಾದ ಪ್ರೀತಿಯಿದೆ. ಬೇರೆ ಯಾವ ಉದ್ಯೋಗಕ್ಕೂ ಹೋಗುವ ಮನಸ್ಸಿಲ್ಲ. ಆದರೆ ನಮ್ಮ ಕಡೆ ಈ ದಾರಿಯಲ್ಲಿ ಹೋದವರು ಯಾರೂ ನನಗೆ ಪರಿಚಯವಿಲ್ಲ. ತುಮಕೂರಿನಲ್ಲಿ ಒಬ್ಬ ಏಜೆಂಟರನ್ನು ಭೇಟಿಯಾದಾಗ, 1,50,000 ರೂಪಾಯಿ ಕೊಟ್ಟರೆ ಥಾಯ್ಲೆಂಡ್‌ನಲ್ಲಿ ಶಿಕ್ಷಕಿಯ ಕೆಲಸ ಖಚಿತವೆಂದೂ, ಮೊದಲು ಪ್ರವಾಸಿಯಾಗಿ ಹೋಗಿ ಅಲ್ಲಿಗೆ ತಲುಪಿದ ಮೇಲೆ ಕೆಲಸದ ಪರವಾನಗಿ ಮಾಡಿಸಿಕೊಡುವುದಾಗಿಯೂ ಹೇಳಿದರು. ಮುಂಗಡವಾಗಿ 50,000 ರೂಪಾಯಿ ಈ ತಿಂಗಳೊಳಗೆ ಕೊಡಬೇಕಂತೆ. ತಂದೆಯವರು ಹಣ ಹೊಂದಿಸಲು ಒಪ್ಪಿದ್ದಾರೆ, ಆದರೆ ನನಗೇ ಧೈರ್ಯ ಸಾಲುತ್ತಿಲ್ಲ.

ನನ್ನ ಸಂದೇಹಗಳು ಇವು. ಭಾರತೀಯರಿಗೆ, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರಿಗೆ, ಯಾವ ದೇಶಗಳಲ್ಲಿ ಇಂಗ್ಲಿಷ್ ಬೋಧಿಸುವ ಅವಕಾಶ ನಿಜವಾಗಿ ಇದೆ? ಬಿ.ಇಡಿ. ಸಾಕೇ, ಅಥವಾ ಜಾಹೀರಾತುಗಳಲ್ಲಿ ಕಾಣುವ 120 ಗಂಟೆಗಳ ಆನ್‌ಲೈನ್ ಕೋರ್ಸ್ ಮಾಡಲೇಬೇಕೇ? ನನ್ನ ಉಚ್ಚಾರಣೆಯಲ್ಲಿ ಕನ್ನಡದ ಧಾಟಿ ಇದೆ ಎಂದು ಕಾಲೇಜಿನಲ್ಲಿ ಹೇಳುತ್ತಿದ್ದರು, ಅದು ಅಡ್ಡಿಯಾಗುತ್ತದೆಯೇ? ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ಕೋಲಾರದ ನಿವೃತ್ತ ಶಿಕ್ಷಕರು

ಮೇಡಂ, ಮುಂಗಡ ಹಣವನ್ನು ಕೊಡಬೇಡಿ. ಮಿಕ್ಕ ವಿಚಾರವನ್ನು ಅನಂತರ ಓದಿದರೂ ನಡೆಯುತ್ತದೆ.

ನಾನು ಒಮಾನ್‌ನ ಒಂದು ಭಾರತೀಯ ಶಾಲೆಯಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಶಿಕ್ಷಕನಾಗಿದ್ದು ಊರಿಗೆ ಮರಳಿದವನು. ಹೊರಡುವವರೆಲ್ಲ ಮೊದಲು ಕೋರ್ಸ್ ಯಾವುದು ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು, ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಈ ಕೆಲಸಕ್ಕಾಗಿ ವೀಸಾ ಕೊಡುವ ದೇಶ ಯಾವುದು ಎಂಬುದನ್ನು. ಇಂಗ್ಲಿಷ್ ಬೋಧನೆಯಲ್ಲಿ ಶಿಕ್ಷಕರ ಸಾಮರ್ಥ್ಯಕ್ಕಿಂತ ಮೊದಲು ಅವರ ಪೌರತ್ವವನ್ನು ನೋಡುವ ದೇಶಗಳಿವೆ. ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾವನ್ನು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲಿಟ್ಟಿದೆ. ಭಾರತ ಮತ್ತು ಕೊರಿಯಾಗಳ ನಡುವೆ 2010ರ ಜನವರಿ 1ರಂದು ಜಾರಿಗೆ ಬಂದ ಆರ್ಥಿಕ ಪಾಲುದಾರಿಕೆ ಒಪ್ಪಂದದಲ್ಲಿ ನಮ್ಮವರು ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಲು ಒಂದು ಪ್ರತ್ಯೇಕ ಬಾಗಿಲು ಇದೆ. ಬೋಧನಾ ಅರ್ಹತೆಯಿರುವವರಿಗೆ ಮಾತ್ರ ಅದು ತೆರೆಯುತ್ತದೆ. ಚೀನಾ ಕೂಡ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯ ದೇಶಗಳವರನ್ನೇ ಕೇಳುತ್ತದೆ. ಇವುಗಳ ಹಿಂದೆ ಬಿದ್ದು ವರ್ಷಗಳನ್ನು ಕಳೆಯಬೇಡಿ.

ನಿಮ್ಮಂಥವರಿಗೆ ನಿಜವಾಗಿ ತೆರೆದಿರುವ ದಾರಿ ಎರಡು ಬಗೆಯದು. ಮೊದಲನೆಯದು ಕೊಲ್ಲಿ ರಾಷ್ಟ್ರಗಳ ಭಾರತೀಯ ಶಾಲೆಗಳು. ಅಲ್ಲಿ ಬಹುಪಾಲು ಶಾಲೆಗಳು ಸಿಬಿಎಸ್‌ಇ ಪಠ್ಯಕ್ರಮವನ್ನು ಅನುಸರಿಸುವುದರಿಂದ ನಿಮ್ಮ ಬಿ.ಎ. ಮತ್ತು ಬಿ.ಇಡಿ.ಗೆ ಅಲ್ಲಿ ನೇರವಾದ ಬೆಲೆಯಿದೆ. ಹನ್ನೊಂದು ಹನ್ನೆರಡನೆಯ ತರಗತಿಗೆ ಕಲಿಸಬೇಕಾದರೆ ಎಂ.ಎ. ಬೇಕಾಗುತ್ತದೆ. ಮಾಲ್ಡೀವ್ಸ್‌ನ ಶಾಲೆಗಳಲ್ಲಿಯೂ ಬಹಳ ಕಾಲದಿಂದ ದಕ್ಷಿಣ ಭಾರತದ ಶಿಕ್ಷಕರು ದುಡಿಯುತ್ತಿದ್ದಾರೆ. ಎರಡನೆಯದು ವಿಯೆಟ್ನಾಂ, ಥಾಯ್ಲೆಂಡ್‌ನಂತಹ ದೇಶಗಳಲ್ಲಿ ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ಕೆಲಸ. ಅಲ್ಲಿ ಪದವಿಯ ಜೊತೆಗೆ ಭಾಷಾ ಬೋಧನೆಯ ಪ್ರಮಾಣಪತ್ರವನ್ನೂ, ಇಂಗ್ಲಿಷ್ ನಮ್ಮ ಮಾತೃಭಾಷೆಯಲ್ಲವಾದ್ದರಿಂದ ಪ್ರಾವೀಣ್ಯ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ. ಥಾಯ್ಲೆಂಡ್‌ನಲ್ಲಿ ಶಾಲೆಯ ಉದ್ಯೋಗಕ್ಕೆ ಅಲ್ಲಿನ ಶಿಕ್ಷಕರ ಮಂಡಳಿಯಾದ ಖುರುಸಪಾದ ಅನುಮತಿ ಬೇಕು. ಕೆಲಸಕ್ಕೆ ಹೋಗುವವರು ಇಲ್ಲಿಂದಲೇ ನಾನ್-ಇಮಿಗ್ರಂಟ್ ‘ಬಿ’ ವೀಸಾ ಪಡೆದು ಹೋಗುವುದು ಸರಿಯಾದ ಕ್ರಮ. ಪ್ರವಾಸಿಯಾಗಿ ಹೋಗಿ ಪಾಠ ಮಾಡುವುದು ಅಲ್ಲಿ ಅಪರಾಧ, ಮತ್ತು ಆ ಅಪರಾಧದ ಹೊಣೆ ಹೊರಬೇಕಾದವರು ನೀವೇ ಹೊರತು ನಿಮ್ಮನ್ನು ಕಳುಹಿಸಿದವರಲ್ಲ.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಮೊದಲು ಕೊಲ್ಲಿಯ ಶಾಲೆಗಳಿಗೆ ಪ್ರಯತ್ನಿಸುತ್ತಿದ್ದೆ. ಅಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಆದ್ದರಿಂದ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಶಾಲೆಗಳ ಜಾಲತಾಣಗಳನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿರಬೇಕು. ನನ್ನ ಸಂದರ್ಶನ ನಡೆದದ್ದು ಜನವರಿಯಲ್ಲಿ. ಒಂದು ಪದ್ಯವನ್ನು ಹದಿನೈದು ನಿಮಿಷ ಪಾಠ ಮಾಡಿ ತೋರಿಸಲು ಹೇಳಿದ್ದರು.

ಉತ್ತರ 2: ಗೌರಿಬಿದನೂರಿನ ಓದುಗ

ಅಕ್ಕ, ಮೇಲಿನ ಗುರುಗಳು ಮುಂಗಡ ಕೊಡಬೇಡಿ ಎಂದದ್ದನ್ನು ನಾನು ಅನುಭವಿಸಿ ಕಲಿತವನು. 2017ರಲ್ಲಿ ಬೆಂಗಳೂರಿನ ಒಂದು ಸಂಸ್ಥೆಯವರು ಕೊಲ್ಲಿಯ ಒಂದು ನಗರದಲ್ಲಿ ಸ್ಪೋಕನ್ ಇಂಗ್ಲಿಷ್ ತರಬೇತುದಾರನ ಕೆಲಸವೆಂದು ಹೇಳಿ ನನ್ನಿಂದ 1,80,000 ರೂಪಾಯಿ ಪಡೆದರು. ಅಮ್ಮನ ಒಡವೆಯನ್ನು ಸೊಸೈಟಿಯಲ್ಲಿ ಅಡವಿಟ್ಟು ಆ ಹಣವನ್ನು ಹೊಂದಿಸಿದ್ದೆವು. ನನ್ನನ್ನು ಕಳುಹಿಸಿದ್ದು ಸಂದರ್ಶಕ ವೀಸಾದಲ್ಲಿ. ಅಲ್ಲಿ ಶಾಲೆಯೂ ಇರಲಿಲ್ಲ, ತರಬೇತಿ ಕೇಂದ್ರವೂ ಇರಲಿಲ್ಲ. ಒಂದು ಗೋದಾಮಿನಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸಕ್ಕೆ ಹಚ್ಚಿದರು. ಬಂದ ದಿನವೇ ಪಾಸ್‌ಪೋರ್ಟ್ ತೆಗೆದುಕೊಂಡರು. ವೀಸಾ ಅವಧಿ ಮುಗಿದ ಮೇಲೆ ಹೊರಗೆ ಹೆಜ್ಜೆಯಿಡಲೂ ಭಯವಾಗುತ್ತಿತ್ತು. ಕೊನೆಗೆ ಭಾರತೀಯ ರಾಯಭಾರ ಕಚೇರಿಗೆ ಹೋಗಿ ಹೇಳಿಕೊಂಡೆ. ಹೊರದೇಶದಲ್ಲಿ ಸಂಕಷ್ಟಕ್ಕೆ ಸಿಲುಕಿದ ಭಾರತೀಯರಿಗಾಗಿ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನನ್ನ ಹಿಂದಿರುಗುವ ಟಿಕೆಟ್‌ಗೆ ನೆರವು ದೊರೆಯಿತು. ಒಡವೆಯನ್ನು ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು.

ಅಂದು ನನಗೆ ತಿಳಿಯದೇ ಇದ್ದ ಸಂಗತಿಗಳನ್ನು ಹೇಳುತ್ತೇನೆ. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ, ವಿದೇಶದ ಉದ್ಯೋಗಕ್ಕೆ ಜನರನ್ನು ನೇಮಿಸಿಕೊಡುವ ಪ್ರತಿಯೊಬ್ಬ ಏಜೆಂಟರೂ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರಾಗಿರಬೇಕು. ನೋಂದಾಯಿತರ ಪಟ್ಟಿ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿದೆ. ಅಂತಹ ಏಜೆಂಟರು ಉದ್ಯೋಗಾಕಾಂಕ್ಷಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ನಿಮ್ಮಿಂದ 1,50,000 ಕೇಳಿದ್ದಾರೆಂದರೆ ಅವರು ಯಾರೆಂಬುದನ್ನು ನೀವು ಆ ಪಟ್ಟಿಯಲ್ಲಿ ಇಂದೇ ಹುಡುಕಿ ನೋಡಿ. ಥಾಯ್ಲೆಂಡ್‌ನ ಹೆಸರಿನಲ್ಲಿ ನಡೆಯುವ ವಂಚನೆ ಇನ್ನೂ ಭೀಕರವಾದದ್ದು. ಅಲ್ಲಿ ಕೆಲಸ ಕೊಡಿಸುತ್ತೇವೆಂದು ಕರೆದೊಯ್ದು, ಗಡಿ ದಾಟಿಸಿ, ಮ್ಯಾನ್ಮಾರ್‌ನ ಸೈಬರ್ ವಂಚನೆಯ ಕೂಟಗಳಿಗೆ ಭಾರತದ ಯುವಕರನ್ನು ಒಪ್ಪಿಸಿದ ಪ್ರಕರಣಗಳು ಬೆಳಕಿಗೆ ಬಂದಾಗ, 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆಯ ಪ್ರಕಟಣೆ ಹೊರಡಿಸಬೇಕಾಯಿತು. ನಿಮ್ಮ ಏಜೆಂಟರು ಅಂಥವರೆಂದು ನಾನು ಹೇಳುತ್ತಿಲ್ಲ. ಆದರೆ ‘ಮೊದಲು ಪ್ರವಾಸಿಯಾಗಿ ಹೋಗಿ’ ಎಂಬ ಮಾತನ್ನು ನನಗೂ ಹೇಳಿದ್ದರು.

ಉತ್ತರ 3: ಮುಳಬಾಗಿಲಿನವರು, ಈಗ ಹನೋಯ್‌ನಲ್ಲಿ ಶಿಕ್ಷಕಿ

ಪ್ರೀತಿಯ ಸಹೋದರಿ, ನಿಮ್ಮ ಪ್ರಶ್ನೆಯಲ್ಲಿ ಉಚ್ಚಾರಣೆಯ ಸಾಲನ್ನು ಓದಿ ಉತ್ತರಿಸಲೇಬೇಕೆನಿಸಿತು. ನನ್ನ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ; ಇಂಗ್ಲಿಷ್ ನನಗೆ ಪುಸ್ತಕದಿಂದ ಬಂದದ್ದು. ವಿಯೆಟ್ನಾಂನಲ್ಲಿ ನಾನು ಐದನೆಯ ವರ್ಷ ಪಾಠ ಮಾಡುತ್ತಿದ್ದೇನೆ.

ಕೋರ್ಸ್ ಬಗ್ಗೆ ಮೊದಲು ಹೇಳುತ್ತೇನೆ. 120 ಗಂಟೆ ಎಂಬ ಸಂಖ್ಯೆ ಎಲ್ಲ ಜಾಹೀರಾತುಗಳಲ್ಲೂ ಇರುತ್ತದೆ, ಆದರೆ ಅದರೊಳಗೆ ನೀವು ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಕಲಿಸುವ ಗಂಟೆಗಳೆಷ್ಟು ಎಂದು ಕೇಳಿ. ಹೆಚ್ಚಿನವುಗಳಲ್ಲಿ ಅದು ಸೊನ್ನೆ. ಕೇಂಬ್ರಿಜ್‌ನ ‘ಸೆಲ್ಟಾ’ ಮತ್ತು ಟ್ರಿನಿಟಿ ಕಾಲೇಜ್ ಲಂಡನ್ ಸಂಸ್ಥೆಯ ‘ಸರ್ಟ್ ಟೆಸಾಲ್’ ಎಂಬ ಎರಡು ಪ್ರಮಾಣಪತ್ರಗಳಿಗೆ ಎಲ್ಲೆಡೆ ಮನ್ನಣೆ ಇರುವುದು, ಅವುಗಳಲ್ಲಿ ಪರೀಕ್ಷಕರ ಎದುರಿನಲ್ಲಿ ಕನಿಷ್ಠ 6 ಗಂಟೆ ಪಾಠ ಮಾಡಿ ತೋರಿಸಬೇಕಾಗಿರುವುದರಿಂದ. ಸೆಲ್ಟಾವನ್ನು ಈಗ ಮನೆಯಿಂದಲೇ ಆನ್‌ಲೈನ್‌ನಲ್ಲಿಯೂ ಮಾಡಬಹುದು. ನಾನು ಹಾಗೆಯೇ ಮಾಡಿದೆ. ಖರ್ಚು ಲಕ್ಷ ರೂಪಾಯಿಯನ್ನು ಮೀರುತ್ತದೆ ಎಂಬುದು ನಿಜ. ಬಿ.ಇಡಿ. ಇರುವ ನೀವು ಕೊಲ್ಲಿಯ ಶಾಲೆಗೆ ಹೋಗುವುದಾದರೆ ಅದರ ಅಗತ್ಯವೇ ಇಲ್ಲ. ಆಗ್ನೇಯ ಏಷ್ಯಾದ ಕಡೆ ಮನಸ್ಸಿದ್ದರೆ ಮಾತ್ರ, ಏಜೆಂಟರಿಗೆ ಕೊಡಲಿದ್ದ ಹಣವನ್ನು ಇದಕ್ಕೆ ಖರ್ಚು ಮಾಡಿ ಎನ್ನುತ್ತೇನೆ. ಕಡಿಮೆ ಖರ್ಚಿನಲ್ಲಿ ಭಾಷಾ ಬೋಧನೆಯ ಆಳವನ್ನು ಅರಿಯಬೇಕೆಂದರೆ ಇಗ್ನೋದಲ್ಲಿ ಆರು ತಿಂಗಳ ಇಂಗ್ಲಿಷ್ ಬೋಧನಾ ಸರ್ಟಿಫಿಕೇಟ್ ಕೋರ್ಸ್ ಇದೆ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ 1963ರಿಂದ ನಡೆದುಬಂದಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿ ಪಡೆದ ಹಿರಿಯ ಶಿಕ್ಷಕರು ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತಾರೆ. ಅವರ ಪಾಠವನ್ನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ.

ಈಗ ಕನ್ನಡದ ಧಾಟಿಯ ವಿಷಯ. ಸೆಲ್ಟಾ ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಉಚ್ಚಾರಣೆಯನ್ನಲ್ಲ. ‘ಐ ಸಾ ಇಟ್’ ಮತ್ತು ‘ಐ ಹ್ಯಾವ್ ಸೀನ್ ಇಟ್’ ಇವೆರಡರ ಅಂತರವನ್ನು ಕಲಿಯುವವರಿಗೆ ಹೇಗೆ ವಿವರಿಸುತ್ತೀರಿ ಎಂದು ಕೇಳಿದರು. ನನಗೆ ಆಗ ನೆರವಿಗೆ ಬಂದದ್ದು ಕನ್ನಡ. ‘ನೋಡಿದೆ’ ಎಂದರೆ ಆ ಕ್ರಿಯೆ ಮುಗಿದುಹೋದ ಸಂಗತಿ. ‘ನೋಡಿದ್ದೇನೆ’ ಎಂದರೆ ಅದು ಈಗಲೂ ನನ್ನ ಜೊತೆ ಇರುವ ಅನುಭವ. ಈ ಭೇದ ನಮ್ಮ ಭಾಷೆಯಲ್ಲಿ ಎಷ್ಟು ಸಹಜವಾಗಿದೆಯೋ ನೋಡಿ. ಆದರೆ ನಾವು ‘ನಿನ್ನೆಯೇ ನೋಡಿದ್ದೇನೆ’ ಎಂದೂ ಹೇಳಬಲ್ಲೆವು. ಇಂಗ್ಲಿಷ್‌ನಲ್ಲಿ ‘ಯೆಸ್ಟರ್‌ಡೇ’ ಬಂದ ಕೂಡಲೇ ಆ ರೂಪ ಸಲ್ಲುವುದಿಲ್ಲ. ‘ಐ ಹ್ಯಾವ್ ಸೀನ್ ಇಟ್ ಯೆಸ್ಟರ್‌ಡೇ’ ಎಂದು ನಮ್ಮ ಮಕ್ಕಳು ಬರೆಯುವುದು ಅಜ್ಞಾನದಿಂದಲ್ಲ, ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸುವುದರಿಂದ. ಒಂದೇ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ತಪ್ಪು ಎಲ್ಲಿಂದ ಹುಟ್ಟುತ್ತದೆಂದು ಊಹಿಸುವುದು ಕಷ್ಟ. ನಮಗೆ ಅದು ಒಳಗಿನಿಂದ ಗೊತ್ತು. ನಾಲ್ಕು ವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿರುವ ನಿಮ್ಮ ಬಳಿ ಇಂತಹ ನೂರು ಉದಾಹರಣೆಗಳಿರಬೇಕು. ಇಂದಿನಿಂದಲೇ ಅವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಸಂದರ್ಶನದಲ್ಲಿ ಅದಕ್ಕಿಂತ ಒಳ್ಳೆಯ ಉತ್ತರ ಬೇರೆ ಇಲ್ಲ.

ಇನ್ನೊಂದು ಸಂಗತಿ ನನಗೆ ಇಲ್ಲಿಗೆ ಬಂದ ಮೇಲೆ ಹೊಳೆಯಿತು. ವಿಯೆಟ್ನಾಮಿ ಭಾಷೆಯ ಪದಗಳ ಕೊನೆಯಲ್ಲಿ ಬರಬಹುದಾದ ವ್ಯಂಜನಗಳು ಕೆಲವೇ ಕೆಲವು. ಹಾಗಾಗಿ ನನ್ನ ವಿದ್ಯಾರ್ಥಿಗಳು ‘ರೈಸ್’, ‘ರೈಡ್’, ‘ರೈಟ್’ ಮೂರರಲ್ಲೂ ಕೊನೆಯ ಧ್ವನಿಯನ್ನು ನುಂಗುತ್ತಾರೆ, ಮೂರೂ ಒಂದೇ ಆಗಿ ಕೇಳಿಸುತ್ತವೆ. ನಾವಾದರೋ ಕೊನೆಯ ವ್ಯಂಜನಕ್ಕೆ ಉಕಾರ ಸೇರಿಸಿ ‘ಬಸ್ಸು’, ‘ಕಾರು’, ‘ಪೆನ್ನು’ ಎನ್ನುವವರು. ನನ್ನ ತರಗತಿಯಲ್ಲಿ ನಾನು ಮೊದಲು ನಮ್ಮ ಉಕಾರ ಸೇರಿಸಿ ನಿಧಾನವಾಗಿ ಹೇಳಿಸುತ್ತೇನೆ, ಕೊನೆಯ ವ್ಯಂಜನ ಅವರ ಬಾಯಲ್ಲಿ ಗಟ್ಟಿಯಾಗಿ ಕೂತ ಮೇಲೆ ಆ ಉಕಾರವನ್ನು ಮೆಲ್ಲಗೆ ಬಿಡಿಸುತ್ತೇನೆ. ಇದನ್ನು ನನಗೆ ಯಾವ ಕೋರ್ಸೂ ಕಲಿಸಲಿಲ್ಲ. ಜಪಾನೀ ಮತ್ತು ಕೊರಿಯನ್ ಭಾಷೆಗಳು ವಾಕ್ಯರಚನೆಯಲ್ಲಿ ಕನ್ನಡಕ್ಕೆ ಇನ್ನೂ ಹತ್ತಿರ. ಕ್ರಿಯಾಪದ ವಾಕ್ಯದ ಕೊನೆಯಲ್ಲಿ, ವಿಭಕ್ತಿಯಂತಹ ಪ್ರತ್ಯಯಗಳು ನಾಮಪದದ ಹಿಂದೆ, ಜೊತೆಗೆ ಗೌರವದ ರೂಪಗಳೂ ಇವೆ. ಅಲ್ಲಿಯ ಮಗುವೊಂದು ಇಂಗ್ಲಿಷ್ ವಾಕ್ಯವನ್ನು ತಲೆಕೆಳಗಾಗಿ ಕಟ್ಟಿದರೆ ಏಕೆಂಬುದು ಕನ್ನಡಿಗರಿಗೆ ತಟ್ಟನೆ ಅರ್ಥವಾದೀತು.

ಹಾಗೆಂದು ಉಚ್ಚಾರಣೆಯನ್ನು ಅಲಕ್ಷಿಸಬೇಡಿ. ಬ್ರಿಟಿಷರಂತೆ ಮಾತನಾಡುವ ಅಗತ್ಯವಿಲ್ಲ, ಆದರೆ ‘ಎಗ್’ ಎಂಬುದು ‘ಯೆಗ್’ ಆಗದಂತೆ, ಪದದ ಯಾವ ಭಾಗಕ್ಕೆ ಒತ್ತು ಬೀಳಬೇಕೋ ಅಲ್ಲೇ ಬೀಳುವಂತೆ ಅಭ್ಯಾಸ ಮಾಡಬೇಕು. ದಿನವೂ ಹತ್ತು ನಿಮಿಷ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿಸಿಕೊಳ್ಳಿ. ಇಂಗ್ಲಿಷ್ ಪ್ರಾವೀಣ್ಯವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯನ್ನು ಈಗಲೇ ಬರೆಯಲು ಆತುರಪಡಬೇಡಿ. ಅದರ ಅಂಕಕ್ಕೆ ಎರಡೇ ವರ್ಷ ಮಾನ್ಯತೆ ಇರುವುದರಿಂದ ಅರ್ಜಿ ಹಾಕುವ ಕಾಲಕ್ಕೆ ಬರೆಯುವುದು ಲೇಸು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ನಾನು ಋಣಿ. ಇ-ಮೈಗ್ರೇಟ್ ಪಟ್ಟಿಯಲ್ಲಿ ಆ ಏಜೆಂಟರ ಹೆಸರಾಗಲಿ ಅವರ ಸಂಸ್ಥೆಯ ಹೆಸರಾಗಲಿ ಇಲ್ಲ. ತಂದೆಯವರಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ಗೌರಿಬಿದನೂರಿನವರು ಬರೆದದ್ದನ್ನು ಎರಡು ಬಾರಿ ಓದಿಸಿದರು. ಹಣ ಕೊಡುವುದಿಲ್ಲವೆಂದು ನಿರ್ಧರಿಸಿದ್ದೇವೆ. ಕೊಲ್ಲಿಯ ಶಾಲೆಗಳಿಗೆ ಮುಂದಿನ ಡಿಸೆಂಬರ್‌ನಿಂದ ಪ್ರಯತ್ನಿಸಲು ಯೋಚಿಸಿದ್ದೇನೆ.

ದಾಖಲೆಗಳ ವಿಷಯದಲ್ಲಿ ಒಂದು ತೊಡಕಿದೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್‌ಗಳಿವೆ, ಒಂದು ಊರಿನದು, ಇನ್ನೊಂದು ತಂದೆಯವರದು. ಪದವಿಯ ಅಂಕಪಟ್ಟಿಯಲ್ಲಿ ಅವು ಹೆಸರಿನ ಹಿಂದೆ ಹೋಗಿವೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಪಾಸ್‌ಪೋರ್ಟ್‌ಗೆ ಯಾವುದನ್ನು ಬರೆಯಬೇಕು? ಪ್ರಮಾಣಪತ್ರಗಳ ದೃಢೀಕರಣಕ್ಕೆ ಏನೇನು ಬೇಕು?

ಉತ್ತರ 4: ಕೋಲಾರದ ನಿವೃತ್ತ ಶಿಕ್ಷಕರು

ಒಳ್ಳೆಯ ನಿರ್ಧಾರ ಮಾಡಿದ್ದೀರಿ ಮೇಡಂ. ನಮ್ಮ ಜಿಲ್ಲೆಗಳಲ್ಲಿ ಈ ಇನಿಷಿಯಲ್ ತೊಡಕು ಇಲ್ಲದವರೇ ಕಡಿಮೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸ್ವಂತ ಹೆಸರು (ಗಿವನ್ ನೇಮ್) ಮತ್ತು ಕುಟುಂಬದ ಹೆಸರು (ಸರ್‌ನೇಮ್) ಎಂಬ ಎರಡು ಅಂಕಣಗಳಿರುತ್ತವೆ, ಇನಿಷಿಯಲ್‌ಗಳನ್ನು ಹಾಗೆಯೇ ಬರೆಯದೆ ಬಿಡಿಸಿ ಬರೆಯಬೇಕು. ಎರಡನೆಯ ಅಂಕಣವನ್ನು ಖಾಲಿ ಬಿಡಬೇಡಿ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಸಂದರ್ಶಕ ವೀಸಾ ನಿರಾಕರಿಸಲು ತೊಡಗಿದಾಗ ನಮ್ಮ ಕಡೆಯವರು ಬಹಳ ತೊಂದರೆಪಟ್ಟರು. ಮೊದಲು ಆಧಾರ್‌ನಲ್ಲಿ ಹೆಸರನ್ನು ಬಿಡಿಸಿ ತಿದ್ದಿಸಿಕೊಳ್ಳಿ. ಅನಂತರ ಈ ಮೂರು ರೂಪದ ಹೆಸರುಗಳೂ ಒಬ್ಬಳದೇ ಎಂಬ ಪ್ರಮಾಣಪತ್ರವನ್ನು (ಅಫಿಡವಿಟ್) ನೋಟರಿಯ ಮುಂದೆ ಮಾಡಿಸಿಟ್ಟುಕೊಳ್ಳಿ. ಸಾಮಾನ್ಯ ಅರ್ಜಿಗೆ ಶುಲ್ಕ 1,500 ರೂಪಾಯಿ. ಹತ್ತನೆಯ ತರಗತಿ ಉತ್ತೀರ್ಣರಾದವರಿಗೆ ಎಮಿಗ್ರೇಷನ್ ತಪಾಸಣೆಯಿಂದ ವಿನಾಯಿತಿ ಇರುವುದರಿಂದ ಆ ಅಂಕಪಟ್ಟಿಯನ್ನು ಅರ್ಜಿಯ ಜೊತೆ ತಪ್ಪದೆ ತೋರಿಸಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಕೆಲಸ ಖಚಿತವಾದ ಮೇಲೆ ಅದೇ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿದರಾಯಿತು.

ದೃಢೀಕರಣಕ್ಕೆ ಬೇಕಾಗುವುದು ಘಟಿಕೋತ್ಸವದ ಮೂಲ ಪ್ರಮಾಣಪತ್ರ. ನಮ್ಮ ಹುಡುಗರು ತಾತ್ಕಾಲಿಕ ಪದವಿ ಪ್ರಮಾಣಪತ್ರದಲ್ಲೇ ವರ್ಷಗಟ್ಟಲೆ ಕಾಲ ಕಳೆಯುತ್ತಾರೆ. ನೀವೂ ಹಾಗೆ ಮಾಡಿದ್ದರೆ ಬಿ.ಎ. ಮತ್ತು ಬಿ.ಇಡಿ. ಎರಡಕ್ಕೂ ವಿಶ್ವವಿದ್ಯಾಲಯಕ್ಕೆ ಈ ವಾರವೇ ಅರ್ಜಿ ಸಲ್ಲಿಸಿ. ಮೊದಲು ರಾಜ್ಯದ ಮಟ್ಟದಲ್ಲಿ, ಅನಂತರ ವಿದೇಶಾಂಗ ಸಚಿವಾಲಯದಲ್ಲಿ ಮುದ್ರೆ ಬೀಳುತ್ತದೆ. ಒಮಾನ್, ಬಹ್ರೇನ್‌ನಂತಹ ದೇಶಗಳಿಗೆ ಸಚಿವಾಲಯವೇ ಹಚ್ಚುವ ‘ಅಪೋಸ್ಟಿಲ್’ ಎಂಬ ದೃಢೀಕರಣ ಚೀಟಿ ನಡೆಯುತ್ತದೆ. ಯುಎಇ ಅಥವಾ ಕುವೈತ್‌ಗಾದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಆದ್ದರಿಂದ ಯಾವ ದೇಶವೆಂದು ಗೊತ್ತಾಗುವ ಮುನ್ನ ದೃಢೀಕರಣಕ್ಕೆ ಹಣ ಸುರಿಯಬೇಡಿ. ಈ ಮುದ್ರೆಗಳೆಲ್ಲ ಪ್ರಮಾಣಪತ್ರದ ಹಿಂಬದಿಯಲ್ಲಿ ಬೀಳುವುದರಿಂದ ಯಾವುದನ್ನೂ ಲ್ಯಾಮಿನೇಷನ್ ಮಾಡಿಸಬೇಡಿ. ನನ್ನ ಬಿ.ಇಡಿ. ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರಿಂದ ಎರಡನೆಯ ಪ್ರತಿ ಪಡೆಯಲು ನಾಲ್ಕು ತಿಂಗಳು ಅಲೆದೆ, ಆ ವರ್ಷದ ನೇಮಕಾತಿ ತಪ್ಪಿಹೋಯಿತು.

ಅತಿಥಿ ಶಿಕ್ಷಕಿಯಾಗಿ ದುಡಿದ ನಾಲ್ಕು ವರ್ಷಗಳಿಗೂ ಮುಖ್ಯೋಪಾಧ್ಯಾಯರಿಂದ ಅನುಭವ ಪತ್ರ ಪಡೆದು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಿ. ಯಾವ ತರಗತಿಗೆ, ವಾರಕ್ಕೆ ಎಷ್ಟು ಅವಧಿ ಕಲಿಸಿದಿರಿ ಎಂಬುದೂ ಅದರಲ್ಲಿರಲಿ. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದರೆ ಇದು ಕಷ್ಟವಾಗುತ್ತದೆ.

ನನ್ನ ಹಳೆಯ ಕಡತ ಹಾಗೆಯೇ ಇದೆ. ಕರಾರು ಪತ್ರದಲ್ಲಿ ವಸತಿ, ವಿಮಾನದ ಟಿಕೆಟ್, ರಜೆಯ ಸಂಬಳಗಳ ಬಗ್ಗೆ ಹೇಗೆ ಬರೆದಿರುತ್ತಾರೆ, ಮುದ್ರೆಗಳು ಯಾವ ಕ್ರಮದಲ್ಲಿ ಬಿದ್ದಿವೆ ಎಂಬುದನ್ನು ಕಣ್ಣಾರೆ ನೋಡಿದರೆ ತಂದೆಯವರಿಗೂ ಸಮಾಧಾನವಾಗುತ್ತದೆ. ಭಾನುವಾರಗಳಲ್ಲಿ ನಾನು ಕೋಲಾರದ ಮನೆಯಲ್ಲೇ ಇರುತ್ತೇನೆ. ಅವರನ್ನೂ ಕರೆದುಕೊಂಡು ಬನ್ನಿ.